ರೌಟರ್ ಅಪ್‌ಡೇಟಿನ ಕಾಟ: ನಮ್ಮ ಮನೆಮಕ್ಕಳಿಗೆ ಕಿವಿಮಾತು

ರಾತ್ರಿ ಮಲಗುವಾಗ ಚೆನ್ನಾಗಿದ್ದ ನೆಟ್ ಬೆಳಿಗ್ಗೆ ಎದ್ದರೆ ಇರುವುದಿಲ್ಲ. ವೈಫೈ ಹೆಸರು ಕಾಣುತ್ತದೆ, ಒಳಗೆ ಬಿಡುವುದಿಲ್ಲ. ಬಿಟ್ಟರೂ ಹತ್ತು ನಿಮಿಷಕ್ಕೊಮ್ಮೆ ಕೈಕೊಡುತ್ತದೆ. ಒಂಬತ್ತಕ್ಕೆ ಆಫೀಸಿನ ಮೀಟಿಂಗ್ ಇರುತ್ತದೆ, ಫೀಸು ಕಟ್ಟಲು ಅದೇ ಕೊನೆಯ ದಿನವಾಗಿರುತ್ತದೆ. ಫೋನ್ ಮಾಡಿ ಕೇಳಿದರೆ ‘ಹೊಸ ಫರ್ಮ್‌ವೇರ್ ಬಂದಿದೆ ಸಾರ್, ಒಂದು ಸಲ ರೀಸೆಟ್ ಮಾಡಿ’ ಎನ್ನುತ್ತಾರೆ. ಫರ್ಮ್‌ವೇರ್ ಎಂದರೆ ರೌಟರನ್ನು ನಡೆಸುವ ಒಳಗಿನ ತಂತ್ರಾಂಶ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದವನು. ನಮ್ಮ ಬೀದಿಯ ಹುಡುಗ ಹುಡುಗಿಯರು ಈ ದೂರು ಹೊತ್ತು ನಮ್ಮ ಜಗಲಿಗೆ ಬರುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

• ನಿಮ್ಮ ಸಿಟ್ಟು ನ್ಯಾಯವಾದದ್ದು. ‘ನಾನೇ ಏನೋ ಒತ್ತಿಬಿಟ್ಟೆನೇನೋ’ ಎಂದು ಅಳುಕಬೇಡಿ. 2023ರ ಮೇ ತಿಂಗಳಲ್ಲಿ ಏಸಸ್ ಕಂಪನಿಯ ಸರ್ವರಿನಲ್ಲಿದ್ದ ಒಂದು ಕಡತದ ದೋಷದಿಂದ ಬೇರೆಬೇರೆ ದೇಶಗಳಲ್ಲಿ ಮನೆ ರೌಟರ್‌ಗಳ ಮೆಮೊರಿ ತುಂಬಿ ಸಂಪರ್ಕ ಕಡಿದುಹೋಗುತ್ತಿತ್ತು. ಬಳಸುವವರ ಕೈವಾಡ ಅದರಲ್ಲಿ ಏನೂ ಇರಲಿಲ್ಲ. ಕಂಪನಿಯೇ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿತು. ಪೂರ್ತಿ ಪರೀಕ್ಷೆ ಮಾಡದೆ ಹೊರಬಿಟ್ಟ ಫರ್ಮ್‌ವೇರಿಗೆ ನಮ್ಮ ಮನೆಗಳೇ ಪ್ರಯೋಗಶಾಲೆ ಆಗುತ್ತಿವೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

• ಹಾಗೆಂದು ಅಪ್‌ಡೇಟನ್ನೇ ಬಿಟ್ಟುಬಿಡುತ್ತೇನೆ ಎನ್ನಬೇಡಿ. ನಮ್ಮ ಹುಡುಗರು ಹೆಚ್ಚಾಗಿ ಜಾರುವುದು ಇಲ್ಲೇ. ರೌಟರ್ ಎಂದರೆ ಹಗಲೂ ರಾತ್ರಿ ಬೀದಿಗೆ ಮುಖ ಮಾಡಿ ನಿಂತ ಒಂದು ಕಂಪ್ಯೂಟರ್. 2016ರ ನವೆಂಬರಿನಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಒಂದು ತಳಿ ದಾಳಿ ಮಾಡಿದಾಗ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಏರುಪೇರಾಯಿತು. ಅದನ್ನು ಸರಿಪಡಿಸಿದ್ದು ಮತ್ತೊಂದು ಫರ್ಮ್‌ವೇರ್ ಅಪ್‌ಡೇಟೇ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬುದು 54 ದೇಶಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಸಾಧನಗಳೊಳಗೆ ಸೇರಿಕೊಂಡಿತ್ತು. ರೌಟರ್‌ಗಳನ್ನು ಒಮ್ಮೆ ಆರಿಸಿ ಹಚ್ಚಿ ಎಂದು ಅಮೆರಿಕದ ಎಫ್‌ಬಿಐ ಜನರಿಗೆ ಹೇಳಬೇಕಾಯಿತು. 2023ರ ಅಕ್ಟೋಬರಿನಲ್ಲಿ ಅದೇ ದೇಶದ ಒಂದೇ ಇಂಟರ್ನೆಟ್ ಕಂಪನಿಯ 6 ಲಕ್ಷ ರೌಟರ್‌ಗಳು ಮೂರು ದಿನದೊಳಗೆ ಹೀಗೆಯೇ ದಾಳಿಗೆ ಸಿಕ್ಕಿ ಸತ್ತವು. ಅವನ್ನು ರಿಪೇರಿ ಮಾಡುವ ಹಾಗಿರಲಿಲ್ಲ, ಬದಲಿಸಬೇಕಾಯಿತು. ಕೆಟ್ಟ ಅಪ್‌ಡೇಟಿನಿಂದ ಒಂದು ಬೆಳಗು ಹಾಳಾಗುತ್ತದೆ. ಅಪ್‌ಡೇಟೇ ಇಲ್ಲದ ರೌಟರ್ ನಿಮಗೆ ಗೊತ್ತಿಲ್ಲದೆಯೇ ಬೇರೆಯವರ ಕೈಯಾಳಾಗುತ್ತದೆ.

• ಎಕ್ಸ್‌ಚೇಂಜಿನಲ್ಲಿ ನಮಗೊಂದು ಕಟ್ಟುಪಾಡಿತ್ತು. ದೂರಸಂಪರ್ಕ ಸಂಶೋಧನೆಯ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು. ಆ ಕಾಲದಿಂದಲೂ ಸಾಫ್ಟ್‌ವೇರ್ ಬದಲಿಸುವುದೆಂದರೆ ಕರೆಗಳು ಕಡಿಮೆಯಾಗುವ ನಡುರಾತ್ರಿಯ ಕೆಲಸ. ಹಳೆಯ ಪ್ರತಿ ಕೈಯಳತೆಯಲ್ಲಿ ಇರಬೇಕು, ವಾಪಸು ಹೋಗುವ ದಾರಿ ಗೊತ್ತಿರಬೇಕು, ಆಮೇಲೆಯೇ ಹೊಸದನ್ನು ಮುಟ್ಟಬೇಕು. ಮನೆಯ ರೌಟರಿಗೂ ಇದೇ ಸಾಕು. ಮುಂದೆ ಹೇಳುವುದೆಲ್ಲ ಇದರ ವಿವರವೇ.

• ಪೆಟ್ಟಿಗೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ಫೈಬರ್ ಸಂಪರ್ಕದ ಜೊತೆ ಕಂಪನಿಯವರೇ ತಂದು ಗೋಡೆಗೆ ಹೊಡೆದುಹೋದ ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಆಗಿದ್ದರೆ ಅದರ ಫರ್ಮ್‌ವೇರ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಟಿಆರ್-069 ಎಂಬ ವ್ಯವಸ್ಥೆಯ ಮೂಲಕ ಅವರು ದೂರದಲ್ಲಿ ಕೂತೇ ಅದನ್ನು ಬದಲಿಸಬಲ್ಲರು. ಇದಕ್ಕೆ ಒಳ್ಳೆಯ ಉಪಾಯವೆಂದರೆ, ಅವರ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿನಲ್ಲಿ, ಅಂದರೆ ಸಂಪರ್ಕವನ್ನು ಸುಮ್ಮನೆ ದಾಟಿಸುವಂತೆ ಇಡಿಸಿ, ಅದರ ಹಿಂದೆ ನಿಮ್ಮ ಸ್ವಂತ ರೌಟರ್ ಹಾಕಿಕೊಳ್ಳುವುದು. ಆಗ ವೈಫೈ, ಪಾಸ್‌ವರ್ಡ್, ಅಪ್‌ಡೇಟಿನ ಸಮಯ ಎಲ್ಲವೂ ನಿಮ್ಮದಾಗುತ್ತದೆ. ಲೈನ್ ಹಾಕಲು ಬಂದ ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟು, ಸಂಪರ್ಕಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆಯನ್ನು ಅವತ್ತೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಸುಲಭವಾಗಿ ಸಿಗುವುದಿಲ್ಲ. ಲ್ಯಾಂಡ್‌ಲೈನ್ ಫೋನ್ ಅದೇ ಪೆಟ್ಟಿಗೆಯಿಂದ ಬರುತ್ತಿದ್ದರೆ, ಬ್ರಿಡ್ಜ್ ಮಾಡಿದ ಮೇಲೂ ಅದು ಕೆಲಸ ಮಾಡುತ್ತದೆಯೇ ಎಂದು ಅವನೆದುರಿಗೇ ಪರೀಕ್ಷಿಸಿ.

• ಸ್ವಂತ ರೌಟರ್ ಆಗಿದ್ದರೆ ಮಗುಚಿ ಅಡಿಯ ಚೀಟಿಯ ಫೋಟೋ ತೆಗೆದಿಡಿ. ಮಾದರಿಯ ಹೆಸರಷ್ಟೇ ಸಾಲದು, ಪಕ್ಕದಲ್ಲಿರುವ ಹಾರ್ಡ್‌ವೇರ್ ಆವೃತ್ತಿಯೂ ಬೇಕು. ಟಿಪಿ-ಲಿಂಕಿನ ಆರ್ಚರ್ ಸಿ6 ಅನ್ನೇ ತೆಗೆದುಕೊಳ್ಳಿ. ಎರಡನೇ ಆವೃತ್ತಿಯಲ್ಲಿ ಕ್ವಾಲ್‌ಕಾಮ್ ಚಿಪ್ ಇದೆ, ಮೂರನೆಯದರಲ್ಲಿ ಮೀಡಿಯಾಟೆಕ್. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಆಗುವುದಿಲ್ಲ. ದೇಶವೂ ಅಷ್ಟೇ ಮುಖ್ಯ. ಯುರೋಪಿನದೋ ಅಮೆರಿಕದ್ದೋ ಕಡತವನ್ನು ಇಲ್ಲಿಯ ಪೆಟ್ಟಿಗೆಗೆ ಬಲವಂತವಾಗಿ ತುಂಬಬೇಡಿ.

• ಸೆಟ್ಟಿಂಗ್ಸ್ ಬ್ಯಾಕಪ್ ತೆಗೆಯಿರಿ, ಜೊತೆಗೆ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದೂ ಇಡಿ. ಒಂದು ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಇನ್ನೊಂದರಲ್ಲಿ ಸರಿಯಾಗಿ ಕೂರದೆ ಹೋಗಬಹುದು. ವೈಫೈ ಹೆಸರು, ಪಾಸ್‌ವರ್ಡ್, ಪ್ರಿಂಟರಿಗೂ ಸಿಸಿಟಿವಿಗೂ ಗೊತ್ತುಮಾಡಿದ ಐಪಿ ವಿಳಾಸ, ಇಷ್ಟು ಸಾಕು, ಒಂದು ಪುಟ ಸಾಲುತ್ತದೆ.

• ಈಗ ಚೆನ್ನಾಗಿ ನಡೆಯುತ್ತಿರುವ ಆವೃತ್ತಿಯ ಕಡತವನ್ನೂ ಕಂಪನಿಯ ಜಾಲತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಹೊಸದು ಬಂದ ಮೇಲೆ ಹಳೆಯದನ್ನು ತಾಣದಿಂದ ತೆಗೆದುಬಿಡುವುದುಂಟು. ಇನ್ನೊಂದು ವಿಷಯ: ಕೆಲವು ಅಪ್‌ಡೇಟ್ ಹಾಕಿದರೆ ಹಿಂದಿನದಕ್ಕೆ ಮರಳಲು ಬಿಡುವುದೇ ಇಲ್ಲ. ಟಿಪ್ಪಣಿಯಲ್ಲಿ ಎಲ್ಲೋ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿ.

• ಬಂದ ದಿನವೇ ಹಾಕಬೇಡಿ. ಟಿಪ್ಪಣಿಯಲ್ಲಿ ಬರೀ ‘ಸ್ಥಿರತೆ ಸುಧಾರಿಸಿದೆ’ ಎಂದಿದ್ದರೆ ಒಂದೆರಡು ವಾರ ಕಾಯಬಹುದು. ಸಿವಿಇ ಎಂದು ಶುರುವಾಗಿ ಇಸವಿ, ಸಂಖ್ಯೆ ಇದ್ದರೆ ಅದು ಭದ್ರತೆಯ ತೂತು ಮುಚ್ಚುವ ಕೆಲಸ, ತಡಮಾಡಬೇಡಿ. ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಇಂಥ ಎಚ್ಚರಿಕೆಗಳನ್ನು ಪ್ರಕಟಿಸುತ್ತಿದೆ. ಅಲ್ಲಿ ನಿಮ್ಮ ಮಾದರಿಯ ಹೆಸರು ಕಂಡರೆ ಅವತ್ತೇ ಹಾಕಿ. ಬೀಟಾ ಎಂದಿದ್ದರೆ ಮುಟ್ಟಲೇಬೇಡಿ.

• ಆಟೋ-ಅಪ್‌ಡೇಟ್ ಇಡಬೇಕೋ ಬೇಡವೋ ಎಂದು ಎಲ್ಲರೂ ಕೇಳುತ್ತಾರೆ. ತಿಂಗಳಿಗೊಮ್ಮೆ ನೀವೇ ನೋಡುವ ಅಭ್ಯಾಸ ಇದ್ದರೆ ಆಫ್ ಮಾಡಿ. ನೀವು ಬೆಂಗಳೂರಿನಲ್ಲಿದ್ದು, ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರೆ ಅಲ್ಲಿ ಆನ್ ಇರಲಿ. ಒಮ್ಮೊಮ್ಮೆ ಕೆಡಬಹುದು, ನಿಜ. ಆದರೆ ವರ್ಷಗಟ್ಟಲೆ ಯಾರೂ ನೋಡದ ರೌಟರ್ ಅದಕ್ಕಿಂತ ಅಪಾಯ.

• ಅಪ್‌ಡೇಟ್ ಹಾಕುವ ಆ ಐದಾರು ನಿಮಿಷವನ್ನು ಗೌರವದಿಂದ ನೋಡಿ. ಆಗ ರೌಟರ್ ತನ್ನ ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿರುತ್ತದೆ. ನಡುವೆ ಕರೆಂಟು ಹೋದರೆ ಅರ್ಧ ಬರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಕೆಲವು ಒಳ್ಳೆಯ ರೌಟರ್‌ಗಳಲ್ಲಿ ಎರಡು ಭಾಗಗಳಿದ್ದು, ಒಂದರಲ್ಲಿ ಹಳೆಯದು ಹಾಗೆಯೇ ಉಳಿಯುತ್ತದೆ. ಅಗ್ಗದವುಗಳಲ್ಲಿ ಆ ಸೌಕರ್ಯ ಇರುವುದಿಲ್ಲ. ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಗುಡುಗು ಕೇಳಿಸುತ್ತಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, ಆದರೆ ಅಡಾಪ್ಟರಿನ ಮೂಲಕ, ಹೊರಗೆ ಎಳೆದ ಲ್ಯಾನ್ ತಂತಿಯ ಮೂಲಕ ಬರುತ್ತದೆ. ರೌಟರಿಗೆಂದೇ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ, ಎಷ್ಟು ಆಂಪಿಯರ್ ಎಂದು ನೋಡಿ ಹೊಂದಿಸಿಕೊಳ್ಳಿ. ವೈಫೈಯಿಂದ ಹಾಕಬೇಡಿ, ಲ್ಯಾನ್ ತಂತಿ ಚುಚ್ಚಿ. ಮನೆಯವರಿಗೆಲ್ಲ ಮೊದಲೇ ತಿಳಿಸಿ. ಕಸ ಗುಡಿಸುವಾಗ ಪ್ಲಗ್ ಕಿತ್ತವರದು ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ದೀಪಗಳು ಆರಿ ಹತ್ತಿ ಮಾಡಿದರೂ ಹದಿನೈದು ನಿಮಿಷ ಸುಮ್ಮನೆ ಕೂತುಕೊಳ್ಳಿ.

• ಕೆಟ್ಟದ್ದಕ್ಕೆಲ್ಲ ಫರ್ಮ್‌ವೇರನ್ನು ದೂರಬೇಡಿ. ಓಎನ್‌ಟಿಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್ ಎಳೆಯೇ ಎಲ್ಲೋ ತುಂಡಾಗಿದೆ ಅಥವಾ ಮಡಿಸಿಕೊಂಡಿದೆ. ಮರದ ಕೊಂಬೆ ಬಿದ್ದಿದೆಯೇ ನೋಡಿ, ಕಂಪನಿಗೆ ಫೋನ್ ಮಾಡಿ. ಅದು ಸರಿಯಿದ್ದರೆ ಲ್ಯಾಪ್‌ಟಾಪಿಗೆ ಲ್ಯಾನ್ ತಂತಿ ಹಾಕಿ ಪರೀಕ್ಷಿಸಿ. ತಂತಿಯಲ್ಲಿ ನೆಟ್ ಬಂದು ವೈಫೈಯಲ್ಲಿ ಬಾರದಿದ್ದರೆ ದೋಷ ವೈಫೈ ಭಾಗದ್ದು. ತಂತಿಯಲ್ಲೂ ಇಲ್ಲದಿದ್ದರೆ ಅದಕ್ಕೂ ಹಿಂದಿನದು. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

• ಅಪ್‌ಡೇಟ್ ಆದ ಮೇಲೆ ಫೋನ್‌ಗಳೆಲ್ಲ ಸರಿಯಿದ್ದು ಹಳೆಯ ಪ್ರಿಂಟರ್, ವೈಫೈ ಬಲ್ಬು, ಕ್ಯಾಮೆರಾ ಮಾತ್ರ ಹಿಡಿಯದಿದ್ದರೆ ಎರಡು ಕಡೆ ನೋಡಿ. ಭದ್ರತೆಯ ವಿಧಾನ ಡಬ್ಲ್ಯುಪಿಎ3ಗೆ ಬದಲಾಗಿರಬಹುದು, ಡಬ್ಲ್ಯುಪಿಎ2ಗೆ ತನ್ನಿ. ಇಲ್ಲವೇ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿರಬಹುದು, ಬೇರೆ ಮಾಡಿ. ನೆಟ್ ತೆವಳುತ್ತಿದ್ದರೆ 2.4ರಲ್ಲಿ ಚಾನೆಲ್ 1, 6, 11ರಲ್ಲಿ ಪಕ್ಕದ ಮನೆಯವರು ಬಳಸದ್ದನ್ನು ಆರಿಸಿ. ನೀವು ಮುಚ್ಚಿದ್ದ ರಿಮೋಟ್ ಮ್ಯಾನೇಜ್‌ಮೆಂಟ್, ಡಬ್ಲ್ಯುಪಿಎಸ್ ಮತ್ತೆ ತೆರೆದುಕೊಂಡಿವೆಯೇ ಎಂದೂ ನೋಡಬೇಕು. ಇದನ್ನು ಮಾತ್ರ ಮರೆಯಬೇಡಿ.

• ರೀಸ್ಟಾರ್ಟ್ ಮಾಡಿದರೆ ಏನೂ ಅಳಿಯುವುದಿಲ್ಲ, ರೀಸೆಟ್ ಮಾಡಿದರೆ ಎಲ್ಲವೂ ಅಳಿಯುತ್ತದೆ. ಫೋನಿನಲ್ಲಿ ಹೇಳಿದರೆಂದು ಪಿನ್ನು ಚುಚ್ಚಿಬಿಡಬೇಡಿ. ಪಿಪಿಪಿಒಇ ವಿವರ ಕೈಯಲ್ಲಿಲ್ಲದೆ ರೀಸೆಟ್ ಮಾಡಿದರೆ ಲೈನ್‌ನವನು ಬರುವ ತನಕ ನೆಟ್ ಇಲ್ಲ. ವಿವರ ಇದ್ದರೆ, ದೊಡ್ಡ ಅಪ್‌ಡೇಟಿನ ನಂತರ ಒಮ್ಮೆ ರೀಸೆಟ್ ಮಾಡಿ ಎಲ್ಲವನ್ನೂ ಕೈಯಾರೆ ತುಂಬುವುದು ಬೇಸರದ್ದಾದರೂ ಒಳ್ಳೆಯ ಔಷಧ.

• ಪೂರ್ತಿ ಸತ್ತಂತೆ ಕಂಡ ರೌಟರನ್ನು ಗುಜರಿಗೆ ಹಾಕುವ ಮೊದಲು ಒಂದು ಪ್ರಯತ್ನ ಬಾಕಿ ಇದೆ. ಮೇಲಿನ ಫರ್ಮ್‌ವೇರ್ ಕೆಟ್ಟರೂ ಅದನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಸಣ್ಣ ಭಾಗ ಬಹಳ ಸಲ ಉಳಿದಿರುತ್ತದೆ. ರೀಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ಸ್ವಿಚ್ ಹಾಕಿದರೆ ಹಲವು ಮಾದರಿಗಳು ರಿಕವರಿ ಸ್ಥಿತಿಗೆ ಬರುತ್ತವೆ. ಟಿಪಿ-ಲಿಂಕಿನ ಹಲವು ರೌಟರ್‌ಗಳು 192.168.0.66 ಎಂಬ ವಿಳಾಸ ಕೊಟ್ಟ ಕಂಪ್ಯೂಟರಿನಿಂದ ಟಿಎಫ್‌ಟಿಪಿ ಎಂಬ ಸರಳ ವಿಧಾನದ ಮೂಲಕ ಕಡತ ಎಳೆದುಕೊಳ್ಳುತ್ತವೆ. ಏಸಸ್‌ನಲ್ಲಿ ಪವರ್ ದೀಪ ನಿಧಾನವಾಗಿ ಮಿನುಗಿದರೆ ರೆಸ್ಕ್ಯೂ ಮೋಡ್ ಬಂದಿದೆ ಎಂದರ್ಥ. ಪೆನ್‌ಡ್ರೈವಿನಲ್ಲಿಟ್ಟ ಹಳೆಯ ಕಡತ ಬೇಕಾಗುವುದು ಇಲ್ಲೇ.

• ಕೈಚಳಕ ಇರುವವರು ಓಪನ್‌ಡಬ್ಲ್ಯುಆರ್‌ಟಿ ನೋಡಬಹುದು. ಲಿಂಕ್‌ಸಿಸ್ ಕಂಪನಿ ತನ್ನ ಡಬ್ಲ್ಯುಆರ್‌ಟಿ54ಜಿ ರೌಟರಿನ ಮೂಲ ಕೋಡನ್ನು ಜಿಪಿಎಲ್ ಪರವಾನಗಿಯ ಕಾರಣ 2003ರಲ್ಲಿ ಹೊರಗಿಡಬೇಕಾಯಿತು. ಅದರಿಂದಲೇ ಮರುವರ್ಷ ಈ ಮುಕ್ತ ಫರ್ಮ್‌ವೇರ್ ಹುಟ್ಟಿತು. ಕಂಪನಿ ಕೈಬಿಟ್ಟ ರೌಟರಿಗೂ ವರ್ಷಗಟ್ಟಲೆ ಭದ್ರತೆ ಕೊಡುವ ಈ ಕೆಲಸದ ಮೇಲೆ ನನಗೆ ಬಹಳ ಗೌರವ. ಆದರೆ ನಿಮ್ಮ ಮಾದರಿ, ಆವೃತ್ತಿ ಎರಡೂ ಅವರ ಪಟ್ಟಿಯಲ್ಲಿ ಇರಲೇಬೇಕು. ಕಂಪನಿಯವರ ಓಎನ್‌ಟಿಗೆ ಇದನ್ನು ಹಾಕಲು ಹೋಗಬೇಡಿ.

• ಮುಂದೆ ಹೊಸದು ಕೊಳ್ಳುವಾಗ ಆಂಟೆನಾ ಎಷ್ಟಿವೆ ಎಂದು ಎಣಿಸುವ ಬದಲು, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಎಂದು ಕೇಳಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಆ ಅವಧಿಯನ್ನು ತಯಾರಕರು ಪ್ರಕಟಿಸಲೇಬೇಕೆಂದು ಕಾನೂನಿದೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನೂ ಅಲ್ಲಿ ನಿಷೇಧಿಸಿದ್ದಾರೆ. ನಮ್ಮಲ್ಲೂ ಪೆಟ್ಟಿಗೆಯ ಮೇಲೆ ಈ ಅವಧಿ ಅಚ್ಚಾಗಿರಬೇಕು.

• ಕೊನೆಗೆ ದೂರಿನ ವಿಚಾರ. ‘ನೆಟ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಯಾವ ಎಂಜಿನಿಯರಿಗೂ ಏನೂ ತಿಳಿಯುವುದಿಲ್ಲ. ಮಾದರಿ, ಹಳೆಯ ಆವೃತ್ತಿ, ಹೊಸ ಆವೃತ್ತಿ, ಕೆಟ್ಟ ದಿನಾಂಕ, ತಂತಿಯಲ್ಲಿ ಹೇಗೆ, ವೈಫೈಯಲ್ಲಿ ಹೇಗೆ ಎಂದು ಬರೆದು ಕಳಿಸಿ. ಇಂಟರ್ನೆಟ್ ಕಂಪನಿಯಾದರೆ ದೂರಿನ ಡಾಕೆಟ್ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ, ಗ್ರಾಹಕ ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ನಿಮಗಿದೆ, ಅಲ್ಲಿ ಕೇಳುವುದು ಆ ಸಂಖ್ಯೆಯನ್ನೇ. ನಿಮ್ಮ ಮನೆಯ ನೆಟ್ ಹೇಗೋ ಸರಿಹೋಯಿತೆಂದು ದೂರನ್ನು ಅರ್ಧಕ್ಕೆ ಬಿಡಬೇಡಿ. ಅದೇ ಮಾದರಿಯ ರೌಟರ್ ಇರುವ, ಇದೆಲ್ಲ ತಿಳಿಯದ ಮನೆಗಳು ಎಷ್ಟೋ ಇವೆ. ಅವರ ಪರವಾಗಿಯೂ ಬರೆಯಿರಿ, ದಯವಿಟ್ಟು.