ನೆಂಟರೇ ಗಿರಾಕಿಗಳಾದಾಗ: ಕಲಾವಿದರ ಫೋನಿಗೊಂದು ವ್ಯವಸ್ಥೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮನೆಯಲ್ಲೇ ಭರತನಾಟ್ಯ ಕಲಿಸುವವರು, ಥಾಣೆಯ ಮದುವೆ ಫೋಟೋಗ್ರಾಫರ್, ಕಲ್ಯಾಣದ ಮೆಹಂದಿ ಕಲಾವಿದೆ, ವಾಶಿಯಲ್ಲಿ ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವ ಹುಡುಗ, ಎಲ್ಲರ ಫೋನಿನಲ್ಲೂ ತಲೆನೋವು ಒಂದೇ. ಕೆಲಸ ಕೊಡುವವರಲ್ಲಿ ಬಹಳ ಮಂದಿ ಪರಿಚಯದವರು: ಕನ್ನಡ ಸಂಘದವರು, ಊರಿನವರು, ಅತ್ತಿಗೆಯ ತವರಿನವರು. ಹಾಗಾಗಿ ಖಾಸಗಿ ಬೇರೆ, ವ್ಯವಹಾರ ಬೇರೆ ಎಂಬ ಬುದ್ಧಿಮಾತು ನಮ್ಮಲ್ಲಿ ಅರ್ಧದಾರಿಗೇ ನಿಲ್ಲುತ್ತದೆ. ಜನರನ್ನು ಬೇರೆ ಮಾಡಲಾಗದು, ಮಾತು ನಡೆಯುವ ಜಾಗವನ್ನು ಬೇರೆ ಮಾಡಬಹುದು.

ಮೊದಲು ನಂಬರು

2018ರಿಂದ ವಾಟ್ಸ್ಯಾಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ ಇದೆ. ಎರಡು ಸಿಮ್ ಇರುವ ಒಂದೇ ಫೋನಿನಲ್ಲಿ ಅದೂ ಮಾಮೂಲಿ ವಾಟ್ಸ್ಯಾಪೂ ಜೊತೆಗೇ ನಡೆಯುತ್ತವೆ, ಇನ್ನೊಂದು ಫೋನ್ ಬೇಕಿಲ್ಲ. ಆದರೆ ಹಳೆಯ ನಂಬರನ್ನು ಬಿಸಿನೆಸ್‌ಗೆ ಹಾಕಿದರೆ ಆ ನಂಬರಿನ ಮಾಮೂಲಿ ಖಾತೆ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಮೊದಲೇ ಯೋಚಿಸಿ: ವಿಸಿಟಿಂಗ್ ಕಾರ್ಡಿನಲ್ಲಿ, ಸಂಘದ ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಅಚ್ಚಾದ ನಂಬರು ಯಾವುದು? ಅದನ್ನು ಕೆಲಸಕ್ಕೇ ಬಿಡಿ. ಹೊಸ ಸಿಮ್ ಮನೆಯವರಿಗೆ. ಜನ ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಆಮೇಲೆ ವರ್ಷಗಟ್ಟಲೆ ಗಿರಾಕಿಗಳು ಹಳೆಯ ನಂಬರಿಗೇ ಬರುತ್ತಾರೆ. ಮದುವೆ ಕೆಲಸಗಳಿಲ್ಲದ ಆಷಾಢದಲ್ಲಿ ಈ ಬದಲಾವಣೆ ಮುಗಿಸುವುದು ಸುಲಭ.

ಪ್ರೊಫೈಲಿನ ವಿಳಾಸದಲ್ಲಿ ಫ್ಲ್ಯಾಟ್ ನಂಬರ್, ಸೊಸೈಟಿ ಹೆಸರು ಬರೆಯಬೇಡಿ. ‘ಡೊಂಬಿವಲಿ ಪೂರ್ವ’ ಎಂದರೆ ಸಾಕು. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲೂ ವಿಳಾಸ ಮರೆಮಾಡಿ, ಕೆಲಸ ಮಾಡುವ ಪ್ರದೇಶಗಳನ್ನಷ್ಟೇ ತೋರಿಸಬಹುದು.

ಇನ್‌ಸ್ಟಾಗ್ರಾಂ

ಮಗುವಿನ ಹುಟ್ಟುಹಬ್ಬ, ಊರಿನ ಕೋಲ, ತೋಟ ತುಂಬಿದ ಹಳೆಯ ಖಾತೆಯನ್ನು ಪ್ರೊಫೆಷನಲ್ ಆಗಿ ಬದಲಿಸಬೇಡಿ. ಪ್ರೊಫೆಷನಲ್ ಖಾತೆಗೆ ಪ್ರೈವೇಟ್ ಬೀಗ ಹಾಕಲು ಬರುವುದಿಲ್ಲ, ಎಲ್ಲವೂ ಎಲ್ಲರಿಗೂ ಕಾಣುತ್ತದೆ. ಹೊಸದನ್ನೇ ತೆರೆಯಿರಿ, ಒಂದೇ ಆ್ಯಪಿನಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ನೃತ್ಯ, ಸಂಗೀತದವರು ‘ಬಿಸಿನೆಸ್’ ಬದಲು ‘ಕ್ರಿಯೇಟರ್’ ಆರಿಸಿದರೆ ಒಳ್ಳೆಯದು. ಬಿಸಿನೆಸ್ ಖಾತೆಗೆ ಜನಪ್ರಿಯ ಹಾಡುಗಳು ಅಷ್ಟಾಗಿ ಸಿಗುವುದಿಲ್ಲ. ಯಾರಾದರೂ ಟ್ಯಾಗ್ ಮಾಡಿದರೆ ನಿಮ್ಮ ಒಪ್ಪಿಗೆಯಿಲ್ಲದೆ ಪುಟದಲ್ಲಿ ಕಾಣದಂತೆ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಮಾವನವರು ಹಂಚುವ ಪಿಕ್‌ನಿಕ್ ಗ್ರೂಪ್ ಫೋಟೋ ನಿಮ್ಮ ಕೆಲಸದ ಪುಟಕ್ಕೆ ಬೇಕಿಲ್ಲ. ಮರಾಠಿ ಗಿರಾಕಿಗಳೂ ಇರುವ ಊರಿದು, ಪೋಸ್ಟಿನಲ್ಲಿ ಕನ್ನಡದ ಜೊತೆ ಮರಾಠಿಯ ಒಂದು ಸಾಲೂ ಇರಲಿ.

ಬೇರೆಯವರ ಮುಖ

ಕಲಾವಿದರು ಎಡವುವುದು ಹೆಚ್ಚಾಗಿ ಇಲ್ಲಿ. ನಾನು ತೆಗೆದ ಫೋಟೋ ನನ್ನದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲದಿರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ, ಮಾಡಿಸಿದ ವಿಡಿಯೊದ ಮೊದಲ ಹಕ್ಕು ಮಾಡಿಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಪುಟದಲ್ಲಿ ಹಾಕಲು ಒಪ್ಪಿಗೆಯನ್ನು ಮುಂಗಡ ಪಡೆಯುವಾಗಲೇ ವಾಟ್ಸ್ಯಾಪಿನಲ್ಲಿ ಬರೆದು ಕೇಳಿ:

“ನಿಮ್ಮ ಮದುವೆಯ ಕೆಲವು ಫೋಟೋಗಳನ್ನು ನನ್ನ ಇನ್‌ಸ್ಟಾ ಪುಟದಲ್ಲಿ ಹಾಕಬಹುದೇ? ಆಲ್ಬಂ ನಿಮ್ಮ ಕೈಸೇರಿದ ಮೇಲಷ್ಟೇ ಹಾಕುತ್ತೇನೆ. ಬೇಡವೆಂದದ್ದನ್ನು ತೆಗೆಯುತ್ತೇನೆ.”

‘ಆಯ್ತು’ ಎಂಬ ಉತ್ತರವನ್ನು ಸ್ಟಾರ್ ಮಾಡಿಟ್ಟುಕೊಳ್ಳಿ. ಆಲ್ಬಂ ಮಾತು ಸುಮ್ಮನೆ ಅಲ್ಲ. ಮಗಳ ಧಾರೆಯ ಫೋಟೋವನ್ನು ತಾಯಿ ಮೊದಲು ನೋಡಿದ್ದು ಫೋಟೋಗ್ರಾಫರನ ಸ್ಟೇಟಸ್ಸಿನಲ್ಲಿ ಎಂದಾದರೆ ಆ ಮನೆಯ ಮುಂದಿನ ಮದುವೆ ನಿಮಗೆ ಸಿಗುವುದಿಲ್ಲ.

ಮಕ್ಕಳ ನೃತ್ಯದ ವಿಡಿಯೊಗೆ ಪೋಷಕರಿಂದ ಬರಹದ ಒಪ್ಪಿಗೆ ಬೇಕೇಬೇಕು. ಕ್ಲಾಸಿನ ಜಾಗ ಮತ್ತು ಸಮಯವನ್ನು ಮಕ್ಕಳ ಮುಖದ ಜೊತೆ ಒಂದೇ ಪೋಸ್ಟಿನಲ್ಲಿ ಹಾಕಬೇಡಿ. ದೀಪಾವಳಿ ಬೆಳಗ್ಗೆ ಡೊಂಬಿವಲಿಯ ಫಡಕೆ ರೋಡಿನಲ್ಲಿ ಅಲಂಕರಿಸಿಕೊಂಡು ಸೇರುವ ಯುವಜನರ ಫೋಟೋ ತೆಗೆಯುವವರೂ, ಹತ್ತಿರದ ಮುಖವಾದರೆ ಒಂದು ಮಾತು ಕೇಳಿಯೇ ಹಾಕಿ.

‘ನಮಗೂ ರೇಟಾ?’

ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಮ್ಮ ಹೀಗೆ ಕೇಳಿದರೆ ಅಲ್ಲೇ ಚೌಕಾಸಿಗೆ ಇಳಿಯಬೇಡಿ. “ದೊಡ್ಡಮ್ಮ, ಕೆಲಸದ ನಂಬರಿಗೆ ಒಂದು ಮೆಸೇಜ್ ಹಾಕಿ, ತಾರೀಕು ನೋಡಿ ಹೇಳ್ತೇನೆ” ಎನ್ನಿ. ಅಲ್ಲಿ ಪೂರ್ತಿ ದರ, ಅದರ ಕೆಳಗೆ ರಿಯಾಯಿತಿ, ಆಮೇಲೆ ಕೊಡಬೇಕಾದ ಮೊತ್ತ, ಮೂರು ಸಾಲು ಕಳಿಸಿ. ರಿಯಾಯಿತಿ ಕೊಡುವುದು ಬಿಡುವುದು ನಿಮ್ಮಿಷ್ಟ, ಆದರೆ ಅದು ಬರಹದಲ್ಲಿ ಕಾಣಲಿ. ಇಲ್ಲದಿದ್ದರೆ ದೊಡ್ಡಮ್ಮ ನಿಮ್ಮ ಹೆಸರು ಹೇಳಿದ ಕಡೆಯೆಲ್ಲ ಕಡಿಮೆ ದರವೇ ನಿಮ್ಮ ದರವಾಗುತ್ತದೆ.

ಸಂಘದ ಗ್ರೂಪಿನಲ್ಲಿ ದಿನಾ ಕ್ಲಾಸಿನ ಜಾಹೀರಾತು ಹಾಕುವುದು ಬೇಡ. ಅಡ್ಮಿನ್ನನ್ನು ಕೇಳಿ ಆಗೊಮ್ಮೆ ಹಾಕಿ, ಉಳಿದದ್ದು ಕೆಲಸದ ನಂಬರಿನ ಸ್ಟೇಟಸ್ಸಿಗೆ. ರಾತ್ರಿಯ ಮೆಸೇಜುಗಳಿಗೆ ಬಿಸಿನೆಸ್ ಆ್ಯಪಿನಲ್ಲಿ ‘ಅವೇ ಮೆಸೇಜ್’ ಇದೆ. ಕೆಲಸದ ಹೊತ್ತಿನ ನಂತರ “ನಾಳೆ ಬೆಳಿಗ್ಗೆ ಉತ್ತರಿಸುತ್ತೇನೆ” ಎಂದು ತಾನೇ ಹೇಳುತ್ತದೆ. ಇನ್‌ಸ್ಟಾ ಪೋಸ್ಟುಗಳನ್ನೂ ಬಿಡುವಿನ ದಿನ ಕೂತು ಮುಂದಿನ ತಾರೀಕಿಗೆ ಶೆಡ್ಯೂಲ್ ಮಾಡಿಡಿ. ಸಂಜೆಯ ಕಲ್ಯಾಣ್ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದೇ ಕೈಯಲ್ಲಿ ಫೋನ್ ಹಿಡಿದಾಗಲೇ ತಪ್ಪು ಖಾತೆಯಿಂದ ಪೋಸ್ಟ್ ಹೋಗುವುದು.

ಕೊನೆಗೆ ಎರಡು ಮಾತು

ಸೀರೆ ಅಂಗಡಿ, ಮೇಕಪ್ ಕಂಪನಿ ಉಚಿತವಾಗಿ ಸಾಮಾನು ಕೊಟ್ಟು ಪೋಸ್ಟ್ ಕೇಳಿದರೆ, ಹಣ ಬರದಿದ್ದರೂ ಅದು ಜಾಹೀರಾತೇ. 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ಎದ್ದು ಕಾಣುವಂತೆ ಹೇಳಬೇಕು, ಸ್ವಂತ ಖಾತೆಯಲ್ಲಿ ಹಾಕಿದರೂ ಸರಿ.

ಕೆಲಸದ, ಖಾಸಗಿ ಎರಡೂ ಖಾತೆಗಳಿಗೆ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, ಪಾಸ್‌ವರ್ಡ್ ಬೇರೆಬೇರೆ ಇರಲಿ. ಖಾತೆ ಕದ್ದವರು ನಿಮ್ಮ ಹೆಸರಲ್ಲಿ ಪರಿಚಯದವರಿಂದ ದುಡ್ಡು ಕಿತ್ತರೆ, ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ನೀವು ಇನ್ನೊಂದು ನಂಬರಿನಿಂದ ಸಂಘದ ಗ್ರೂಪಿಗೆ ತಿಳಿಸಿ.