ನೆರವನ್ನು ಅಳೆಯುವ ಹೊಸ ರೀತಿಗೆ ಸಿದ್ಧತೆ ಹೇಗೆ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿ ನೆಲೆಸಿದ್ದೇವೆ. ಆಟಿಸಂ ಇರುವ 17 ವರ್ಷದ ಮಗನಿಗೆ ಎನ್‌ಡಿಐಎಸ್‌ನಿಂದ (ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ) ನೆರವು ಸಿಗುತ್ತಿದೆ. ಇನ್ನು ಮುಂದೆ ಹಣ ನಿಗದಿ ಮಾಡುವ ರೀತಿಯೇ ಬದಲಾಗುತ್ತದಂತೆ, ಕಂಪ್ಯೂಟರೇ ಲೆಕ್ಕ ಹಾಕುತ್ತದಂತೆ. ಈಗಲೇ ಹೊಸ ವೈದ್ಯಕೀಯ ವರದಿಗಳನ್ನು ಮಾಡಿಸಬೇಕೆ? ಹೇಗೆ ಸಿದ್ಧರಾಗಬೇಕು? ಗಾಬರಿಯಾಗಿದೆ.
— ಒಬ್ಬ ತಾಯಿ, ಮೆಲ್ಬರ್ನ್

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಆಸ್ಟ್ರೇಲಿಯಾದಲ್ಲಿರುವ ಬೇರೆ ಕನ್ನಡ ಕುಟುಂಬಗಳಿಗೂ ಇದೇ ಅನುಮಾನ ಇದ್ದೀತು. ನಿಮ್ಮ ಗಾಬರಿ ಸಹಜವೇ. ಕೆಲವು ವರ್ಷಗಳ ಹಿಂದೆ ‘ಸ್ವತಂತ್ರ ಮೌಲ್ಯಮಾಪನ’ ಎಂಬ ಪ್ರಸ್ತಾವ ಬಂದಿತ್ತು. ಗುರುತುಪರಿಚಯವಿಲ್ಲದವರು ಬಂದು ಸ್ವಲ್ಪ ಹೊತ್ತಿನಲ್ಲಿ ನಮ್ಮ ಬದುಕನ್ನು ಅಳೆಯುವುದು ಹೇಗೆ ಎಂದು ಅಂಗವಿಕಲರೂ ಅವರ ಕುಟುಂಬದವರೂ ಪಟ್ಟುಹಿಡಿದು ವಿರೋಧಿಸಿದರು. 2021ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಮತ್ತೆ ಮೌಲ್ಯಮಾಪನ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಅಳುಕುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು, ಬದಲಾಗುವುದು ಏನು ಎಂದು ನೋಡೋಣ. ಎನ್‌ಡಿಐಎಸ್ 2013ರ ಕಾಯ್ದೆಯಿಂದ ಬಂದ ಯೋಜನೆ. ಇದುವರೆಗೆ ನೀವು ವರದಿಗಳನ್ನು ಕೊಡುತ್ತಿದ್ದಿರಿ. ಯೋಜನೆ ತಯಾರಿಸುವ ಅಧಿಕಾರಿ ಒಂದೊಂದು ನೆರವನ್ನೂ ತೆಗೆದುಕೊಂಡು ಇದು ಸಮಂಜಸವೇ, ಅಗತ್ಯವೇ ಎಂದು ನೋಡಿ ಹಣ ಸೇರಿಸುತ್ತಾ ಹೋಗುತ್ತಿದ್ದರು. ಒಳ್ಳೆಯ ವರದಿಗೆ ದುಡ್ಡು ಸುರಿಯಬಲ್ಲವರಿಗೆ ಹೆಚ್ಚು, ಆಗದವರಿಗೆ ಕಡಿಮೆ ಎಂಬ ದೂರು ಆ ಪದ್ಧತಿಯ ಮೇಲಿತ್ತು. ದೂರಿನಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. 2023ರ ಕೊನೆಯಲ್ಲಿ ಪ್ರಕಟವಾದ, ಈ ಯೋಜನೆಯ ಪರಾಮರ್ಶೆಯ ವರದಿಯೂ ಬದಲಾವಣೆ ಬೇಕೆಂದಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅದು ಆ ವರ್ಷದ ಅಕ್ಟೋಬರ್ 3ರಿಂದ ಜಾರಿಗೆ ಬಂತು.

ಹೊಸ ರೀತಿಯಲ್ಲಿ ತರಬೇತಿ ಪಡೆದ ಒಬ್ಬರು ನಿಮ್ಮ ಮಗನೊಂದಿಗೂ ನಿಮ್ಮೊಂದಿಗೂ ಕೂತು ಮಾತಾಡುತ್ತಾರೆ. ಇದಕ್ಕೆ ಆರಿಸಿರುವ ಸಾಧನದ ಹೆಸರು ಐ-ಕ್ಯಾನ್. ನಡೆದಾಟ, ಮಾತುಕತೆ, ಸ್ವಂತ ಆರೈಕೆ, ಮನೆಗೆಲಸ, ಮನಸ್ಸಿನ ಆರೋಗ್ಯ, ಜನರೊಡನೆ ಬೆರೆಯುವುದು, ಹೀಗೆ ಬದುಕಿನ ಒಂದೊಂದು ಭಾಗದಲ್ಲೂ ಎಷ್ಟು ಸಲ ನೆರವು ಬೇಕು, ಎಷ್ಟು ಗಾಢವಾಗಿ ಬೇಕು ಎಂದು ಅದು ಕೇಳುತ್ತದೆ. ಆ ಮಾತುಕತೆಯಿಂದ ಒಂದು ವರದಿ ಸಿದ್ಧವಾಗುತ್ತದೆ. ಅದನ್ನು ಆಧರಿಸಿ, ಗೊತ್ತುಪಡಿಸಿದ ವಿಧಾನದಂತೆ ಒಟ್ಟು ಮೊತ್ತ ಲೆಕ್ಕವಾಗುತ್ತದೆ. ‘ಕಂಪ್ಯೂಟರೇ ಲೆಕ್ಕ ಹಾಕುತ್ತದೆ’ ಎಂಬ ಮಾತು ಹುಟ್ಟಿದ್ದು ಈ ಕೊನೆಯ ಹಂತದಿಂದ. ಲೆಕ್ಕಕ್ಕೆ ಏನು ಹೋಗುತ್ತದೆ ಎಂಬುದು ತೀರ್ಮಾನವಾಗುವುದು ಮಾತ್ರ ಮೊದಲ ಹಂತದಲ್ಲಿ, ನೀವು ಆಡುವ ಮಾತಿನಲ್ಲಿ. ಆದ್ದರಿಂದ ಸಿದ್ಧತೆ ಬೇಕಾಗಿರುವುದು ಅಲ್ಲಿ.

ಇಲ್ಲಿ ಬಹಳ ಮಂದಿ ಗೊಂದಲ ಮಾಡಿಕೊಳ್ಳುವ ಒಂದು ವಿಷಯವಿದೆ. 16 ತುಂಬಿದವರು ಸರ್ಕಾರದ ಸೆಂಟರ್‌ಲಿಂಕ್ ಮೂಲಕ ಅರ್ಜಿ ಹಾಕಬಹುದಾದ ಅಂಗವೈಕಲ್ಯ ಪಿಂಚಣಿಯೇ ಬೇರೆ, ಎನ್‌ಡಿಐಎಸ್ ನೆರವೇ ಬೇರೆ. ಪಿಂಚಣಿ ಜೀವನೋಪಾಯಕ್ಕೆ ಕೊಡುವ ಹಣ. ಅದಕ್ಕೆ ಅಂಕಗಳ ಕೋಷ್ಟಕವಿದೆ, ಸಾಮಾನ್ಯವಾಗಿ 20 ಅಂಕ ಬೇಕು, ಆದಾಯ ಮತ್ತು ಆಸ್ತಿಯನ್ನೂ ನೋಡುತ್ತಾರೆ. ಎನ್‌ಡಿಐಎಸ್ ಕೊಡುವುದು ನೆರವು ಕೊಳ್ಳಲು. ಅಲ್ಲಿ ಆದಾಯ ಕೇಳುವುದಿಲ್ಲ. ಯಾರಾದರೂ ‘ಅಂಕ ಬರಲಿಲ್ಲ’ ಎಂದರೆ ಅವರು ಪಿಂಚಣಿಯ ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಒಂದು ಸಿಗದಿದ್ದರೆ ಇನ್ನೊಂದು ಸಿಗುವುದಿಲ್ಲ ಎಂದೇನಿಲ್ಲ.

ಈಗ ವರದಿಗಳ ವಿಷಯ. ಆತುರಪಟ್ಟು ಹೊಸ ವರದಿಗಳಿಗೆ ಹಣ ಸುರಿಯಬೇಡಿ. ಮನೆಯವರು ಸ್ವಂತ ಖರ್ಚಿನಲ್ಲಿ ವರದಿ ತರುವುದನ್ನು ತಪ್ಪಿಸುವುದೇ ಹೊಸ ಪದ್ಧತಿಯ ಒಂದು ಉದ್ದೇಶ. ಶಾಲೆಯದು, ಆಕ್ಯುಪೇಷನಲ್ ಥೆರಪಿಸ್ಟ್ ಬರೆದದ್ದು, ಸ್ಪೀಚ್ ಥೆರಪಿಯದು, ಇರುವುದನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಿ, ಸಾಕು. ಎಲ್ಲರೂ ಒಂದೇ ದಿನ ಹೊಸ ರೀತಿಗೆ ಬದಲಾಗುವುದಿಲ್ಲ. ಇದು ಹಂತಹಂತವಾಗಿ, 16 ತುಂಬಿದವರಿಂದ ಆರಂಭವಾಗುವಂತೆ ಯೋಚಿಸಿರುವುದು. ನಿಮ್ಮ ಸರದಿ ಬಂದಾಗ ತಿಳಿಸುತ್ತಾರೆ. ಅಲ್ಲಿಯವರೆಗೆ ಈಗಿನ ಯೋಜನೆಯೇ ನಡೆಯುತ್ತದೆ.

ಕಾದು ಕೂರದೆ ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಮಗನ ಯಾವ ಯಾವ ನ್ಯೂನತೆಗಳನ್ನು ದಾಖಲಿಸಿಕೊಂಡಿದ್ದಾರೆ ಎಂದು ವಿಚಾರಿಸಿ. ಯೋಜನೆಯ ಅರ್ಹತೆ ಮುಟ್ಟಿದ ನ್ಯೂನತೆಗಳಿಗೆ ಸಂಬಂಧಿಸಿದ ನೆರವಿಗೆ ಮಾತ್ರ ಹಣ ಎಂದು ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಆಟಿಸಂ ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇದ್ದು, ದಾಖಲೆಯಲ್ಲಿ ಆಟಿಸಂ ಒಂದೇ ಇದ್ದರೆ ಮುಂದೆ ತೊಂದರೆಯಾದೀತು. ಇಂಥ ಲೋಪವಿದ್ದರೆ ಸರಿಪಡಿಸಲು ವರದಿ ಬೇಕಾಗಬಹುದು. ಹೊಸ ವರದಿಗೆ ಖರ್ಚು ಮಾಡುವುದಿದ್ದರೆ ಇದಕ್ಕಾಗಿ ಮಾಡಿ.

ಇನ್ನು ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು. ಮಗ ಸ್ನಾನ ಮಾಡುತ್ತಾನಾ ಎಂದು ಕೇಳಿದರೆ ನೀವು ‘ಹೂಂ, ತಾನೇ ಮಾಡಿಕೊಳ್ತಾನೆ’ ಎನ್ನುತ್ತೀರಿ. ಆದರೆ ಬಿಸಿ ಮತ್ತು ತಣ್ಣೀರಿನ ನಲ್ಲಿ ಹದ ಮಾಡಿಟ್ಟವರು ಯಾರು? ‘ಈಗ ಸೋಪು ಹಾಕು, ಈಗ ತಲೆ ತೊಳೆ’ ಎಂದು ಬಾಗಿಲಾಚೆ ನಿಂತು ಹೇಳಿದವರು ಯಾರು? ಕೂದಲಲ್ಲಿ ಶಾಂಪೂ ಉಳಿದಿದೆಯೇ ಎಂದು ಮುಟ್ಟಿ ನೋಡಿದವರು, ಟವೆಲ್ಲು, ಬಟ್ಟೆ ಸಾಲಾಗಿ ಇಟ್ಟವರು? ಅದೆಲ್ಲವೂ ನೆರವೇ. ವರ್ಷಗಟ್ಟಲೆ ಮಾಡಿ ಮಾಡಿ ಅದು ನಿಮಗೆ ಕಾಣದಂತಾಗಿದೆ. ಮೇಲಾಗಿ, ಮಕ್ಕಳ ಕಷ್ಟವನ್ನು ಹೊರಗಿನವರ ಮುಂದೆ ಹೇಳಬಾರದು, ಬಂದವರೆದುರು ಒಳ್ಳೆಯದನ್ನೇ ಆಡಬೇಕು ಎಂದು ಬೆಳೆದವರು ನಾವು. ಅದು ಮಮತೆಯ ಮಾತು, ನಿಜ. ಆದರೆ ನೀವು ಹೇಳದ ನೆರವು ಆ ವರದಿಯಲ್ಲಿ ಇರುವುದಿಲ್ಲ.

ಹಾಗಾಗಿ ಒಂದೆರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಕೆಲಸಕ್ಕೆ, ಎಷ್ಟು ಸಲ, ಎಷ್ಟು ಹೊತ್ತು, ಯಾರು ಜೊತೆಗಿದ್ದರು, ಜೊತೆಗಿಲ್ಲದಿದ್ದರೆ ಏನಾಗುತ್ತಿತ್ತು. ಚೆನ್ನಾಗಿದ್ದ ದಿನವನ್ನೂ ಬರೆಯಿರಿ, ಟ್ರಾಮಿನ ಗದ್ದಲ ತಡೆಯಲಾರದೆ ಕಿವಿ ಮುಚ್ಚಿ ಕೂತ ದಿನವನ್ನೂ ಬರೆಯಿರಿ. ಉತ್ಪ್ರೇಕ್ಷೆ ಬೇಡ, ಮುಚ್ಚಿಡುವುದೂ ಬೇಡ. ನಿಮಗೆ ಬೆನ್ನುನೋವಿದ್ದರೆ, ನಿಮ್ಮ ಯಜಮಾನರಿಗೆ ನೈಟ್ ಶಿಫ್ಟ್ ಇದ್ದರೆ, ಅವೂ ಹೇಳಬೇಕಾದ ವಿಷಯಗಳೇ. ಮನೆಯವರಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಪ್ರಶ್ನೆ ಈ ಯೋಜನೆಯಲ್ಲಿ ಮೊದಲಿನಿಂದಲೂ ಇದೆ. ಮಗನನ್ನೂ ಮಾತಾಡಲು ಬಿಡಿ. ಚಿತ್ರ ತೋರಿಸಿಯೋ, ಟೈಪ್ ಮಾಡಿಯೋ ಹೇಳುವವನಾದರೆ ಅದಕ್ಕೆ ಅವಕಾಶ ಬೇಕೆಂದು ಮೊದಲೇ ತಿಳಿಸಿಡಿ.

ಇಂಗ್ಲಿಷಿನಲ್ಲಿ ಮನಸ್ಸಿನ ಮಾತು ಪೂರ್ತಿ ಬರುವುದಿಲ್ಲ ಅನ್ನಿಸಿದರೆ ದುಭಾಷಿಯನ್ನು ಕೇಳಿ. ಎನ್‌ಡಿಐಎಸ್ ಸಂಸ್ಥೆಯೊಂದಿಗಿನ ಮಾತುಕತೆಗೆ ಟಿಐಎಸ್ ನ್ಯಾಷನಲ್ ಎಂಬ ದುಭಾಷಿ ಸೇವೆಯ ಮೂಲಕ, 131 450 ಸಂಖ್ಯೆಯಲ್ಲಿ, ಉಚಿತವಾಗಿ ಸಿಗುತ್ತಾರೆ. ಮಗಳನ್ನೋ ನೆಂಟರನ್ನೋ ಅನುವಾದಕ್ಕೆ ಕೂರಿಸುವುದಕ್ಕಿಂತ ಇದು ಉತ್ತಮ. ಮನೆಯವರ ಮುಂದೆ ಹೇಳಲು ಹಿಂಜರಿಯುವ ಮಾತುಗಳೂ ಇರುತ್ತವೆ.

ಮಾತುಕತೆ ಮುಗಿದ ಮೇಲೆ ವರದಿಯ ಪ್ರತಿ ಪಡೆದು, ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟು ಓದಿ. ಬಿಟ್ಟುಹೋದದ್ದಿದ್ದರೆ ಕೂಡಲೇ ಲಿಖಿತವಾಗಿ ತಿಳಿಸಿ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ, ನಿರ್ಧಾರ ಕೈಸೇರಿದ ಮೂರು ತಿಂಗಳೊಳಗೆ ಸಂಸ್ಥೆಯಲ್ಲೇ ಮರುಪರಿಶೀಲನೆ ಕೋರಬಹುದು. ಅಲ್ಲೂ ಸಮಾಧಾನವಾಗದಿದ್ದರೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಆಡಳಿತಾತ್ಮಕ ಮರುಪರಿಶೀಲನಾ ನ್ಯಾಯಮಂಡಳಿಗೆ ಹೋಗಲು ದಾರಿಯಿದೆ.