ಅಗಸೆ ಬೀಜ ತಿಂದರೆ ಬಿಪಿ ಮಾತ್ರೆ ಬಿಡಬಹುದೇ?

"ಬೀಜಗಳ ಪೆಪ್ಟೈಡ್‌ನಿಂದ ಬಿಪಿ ಇಳಿಯುತ್ತೆ, ಮಾತ್ರೆ ಬೇಡ" ಎನ್ನುವ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜವಿದೆ.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ನಮ್ಮ ದೇಹದಲ್ಲಿ ಎಸಿಇ ಎಂಬ ಕಿಣ್ವವಿದೆ. ರಕ್ತನಾಳಗಳನ್ನು ಬಿಗಿಮಾಡುವ ವಸ್ತು ಅದರಿಂದ ತಯಾರಾಗುತ್ತದೆ. ಅಗಸೆ, ಸೋಯಾ ಮುಂತಾದ ಬೀಜಗಳಿಂದ ಪ್ರಯೋಗಾಲಯದಲ್ಲಿ ತೆಗೆದ ಕೆಲವು ಪೆಪ್ಟೈಡ್‌ಗಳು ಈ ಕಿಣ್ವವನ್ನು ತಡೆಯುತ್ತವೆ. ಇದು ಕಟ್ಟುಕತೆಯಲ್ಲ. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಪ್ಟೊಪ್ರಿಲ್ ಮಾತ್ರೆಗೆ ದಾರಿ ತೋರಿಸಿದ್ದೇ ಬ್ರೆಜಿಲ್‌ನ ಒಂದು ಹಾವಿನ ವಿಷದಲ್ಲಿದ್ದ ಪೆಪ್ಟೈಡ್! ನಿಮ್ಮಲ್ಲಿ ಹಲವರು ನುಂಗುವ ರಾಮಿಪ್ರಿಲ್, ಎನಲಾಪ್ರಿಲ್ ಅದೇ ವಂಶದವು.

ಆದರೆ ನಾವು ತಿಂದ ಪೆಪ್ಟೈಡ್‌ನ ಬಹುಪಾಲು ಹೊಟ್ಟೆ, ಕರುಳಿನಲ್ಲೇ ಒಡೆದುಹೋಗುತ್ತದೆ. ರಕ್ತಕ್ಕೆ ಇಡಿಯಾಗಿ ಸೇರುವುದು ತೀರಾ ಸ್ವಲ್ಪ.

ಹಾಗಾದರೆ ಅಗಸೆ ಸುಳ್ಳೇ? ಅಲ್ಲ. 2013ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಕಾಲಿನ ರಕ್ತನಾಳದ ಕಾಯಿಲೆಯಿದ್ದವರು ದಿನಕ್ಕೆ 30 ಗ್ರಾಂ ಅಗಸೆ ಪುಡಿ ತಿಂದರು. ಆರು ತಿಂಗಳಲ್ಲಿ ಅವರ ಮೇಲಿನ ಬಿಪಿ, ತಿನ್ನದವರಿಗಿಂತ ಸುಮಾರು 10 ಅಂಕ ಕಡಿಮೆಯಿತ್ತು. ನಾರು, ಒಮೆಗಾ-3 ಎಲ್ಲ ಸೇರಿದ ಇಡೀ ಬೀಜದ ಫಲ ಅದು, ಬರೀ ಪೆಪ್ಟೈಡ್‌ನದಲ್ಲ. ಅವರಲ್ಲಿ ಬಹಳ ಮಂದಿ ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಫಾರ್ವರ್ಡ್ ಮಾಡುವವರು ಬಿಡುವುದು ಈ ಸಾಲನ್ನೇ. ಬೇರೆ ಅಧ್ಯಯನಗಳನ್ನೂ ಕೂಡಿಸಿ ನೋಡಿದರೆ ಇಳಿಕೆ ಇನ್ನೂ ಕಡಿಮೆ, ಎರಡು-ಮೂರು ಅಂಕ.

ತಿನ್ನಿ, ಖಂಡಿತ ತಿನ್ನಿ. ಪುಣೆಯಲ್ಲಿ ಜವಸ, ದೆಹಲಿಯಲ್ಲಿ ಅಲಸಿ, ಹೈದರಾಬಾದಿನಲ್ಲಿ ಅವಿಸೆ ಗಿಂಜಲು, ಚೆನ್ನೈಯಲ್ಲಿ ಆಳಿ ವಿದೈ ಎಂದು ಕೇಳಿ. ಹದವಾಗಿ ಹುರಿದು ಪುಡಿ ಮಾಡಿ. ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಒಂದು ಚಮಚದಿಂದ ಶುರುಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಪುಡಿ ಬೇಗ ಕಮಟುತ್ತದೆ, ಫ್ರಿಜ್‌ನಲ್ಲಿಡಿ.

ಊರಿಂದ ಡಬ್ಬಿಯಲ್ಲಿ ಬರುವ ಅಗಸಿ ಹಿಂಡಿ ಬಗ್ಗೆ ಒಂದು ಮಾತು. ರೊಟ್ಟಿಗೆ ಅದರಷ್ಟು ರುಚಿ ಬೇರೆ ಇಲ್ಲ, ನನಗೂ ಇಷ್ಟ. ಆದರೆ ಅದರಲ್ಲಿರುವ ಉಪ್ಪು? ಇಡೀ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಉಪ್ಪು ದಾಟಬಾರದು. ಸಾರು, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ಬೀಜ ಇಳಿಸಿದ್ದನ್ನು ಉಪ್ಪು ಏರಿಸಿಬಿಡುತ್ತದೆ. ಮುಂದಿನ ಸಲ ಅಮ್ಮನಿಗೋ ಅತ್ತೆಯವರಿಗೋ ಉಪ್ಪು ಅರ್ಧ ಹಾಕಲು ಹೇಳಿ.

ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಬಿಪಿ ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಕೆಲವರಿಗೆ ಗೊತ್ತಾಗುವುದೇ ಲಕ್ವ ಹೊಡೆದ ಮೇಲೆ. ಮನೆಯಲ್ಲಿ ಎರಡು ವಾರ ಬಿಪಿ ಅಳೆದು ಬರೆದಿಟ್ಟು ನಿಮ್ಮ ಡಾಕ್ಟರಿಗೆ ತೋರಿಸಿ, ಕಡಿಮೆ ಮಾಡುವುದಿದ್ದರೆ ಅವರು ಮಾಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಕೇಳಿಯೇ ಶುರುಮಾಡಿ. ಅಗಸೆ ಪುಡಿಗೂ ಮಾತ್ರೆಗೂ ನಡುವೆ ಎರಡು ಗಂಟೆ ಅಂತರವಿರಲಿ.